ಒಂದು ಲೋಟ ಹಾಲು

ಗಂಡನ ಕಿಡ್ನಿಗೆ ಸೋಂಕು ತಗುಲಿದೆ, ಜ್ವರದಲ್ಲಿ ಒಬ್ಬನೇ ಮಲಗಿದ್ದಾನೆ ಎಂದು ಪಕ್ಕದ ಮನೆಯವರು ಫೋನ್ ಮಾಡಿದಾಗ ಪಂಕಜಳ ಮೂರು ವರ್ಷದ ಮುನಿಸು ನಿಂತಲ್ಲೇ ಕರಗಿಹೋಯಿತು. ತವರಿನಿಂದ ಉಟ್ಟ ಸೀರೆಯಲ್ಲೇ ಓಡಿಬಂದಳು. ಬಾಗಿಲು ತೆರೆದ ಗಂಡ ಯಾಕೆ ಬಂದೆ ಎಂದೂ ಕೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಡಾಕ್ಟರು ಬರೆದುಕೊಟ್ಟ ಮಾತ್ರೆ ಆಗಲೇ ಮನೆಯಲ್ಲಿತ್ತು. ಅವಳು ಹಾಲು ಕಾಸಿ ಲೋಟ ಚಾಚಿದಳು.

"ಮಾತ್ರೆ ಉಷ್ಣ. ಬರೀ ನೀರಲ್ಲಿ ನುಂಗಿದರೆ ಹೊಟ್ಟೆ ಉರಿಯುತ್ತೆ. ಇದರಲ್ಲಿ ತಗೊಳ್ಳಿ."

ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದ. "ಕೊಡು" ಎಂದ. ಅಂದಿನಿಂದ ಪ್ರತಿ ಹೊತ್ತೂ ಲೋಟದ ತಳ ಕಾಣುವವರೆಗೆ ಕುಡಿದ.

ಜ್ವರ ಮಾತ್ರ ಇಳಿಯಲಿಲ್ಲ. ಸೋಂಕು ರಕ್ತಕ್ಕೆ ಏರಿ, ಈಗ ಅವನು ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಮೊದಲಿನಿಂದ ಅವನನ್ನು ನೋಡುತ್ತಿದ್ದ ಡಾಕ್ಟರು ಹೊರಗೆ ಬಂದರು.

"ಮಾತ್ರೆ ಸರಿಯಾಗಿ ತಗೊಂಡಿದ್ದಾರಾ?"

"ಒಂದೂ ತಪ್ಪಿಸಿಲ್ಲ ಸಾರ್. ನಾನೇ ಕೈಯಾರೆ ಹಾಲಲ್ಲಿ ಕೊಟ್ಟಿದ್ದೀನಿ."

"ಹಾಲಲ್ಲಾ?" ಡಾಕ್ಟರ ದನಿ ಇಳಿಯಿತು. "ಹಾಲಿನ ಜೊತೆ ಕೊಟ್ಟರೆ ಆ ಮಾತ್ರೆ ಮೈಗೆ ಹತ್ತೋದಿಲ್ಲಮ್ಮ."

ಪಂಕಜಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಅದನ್ನ ಮೊದಲೇ ಹೇಳೋಕೆ ನಿಮಗೇನಾಗಿತ್ತು?"

"ಮಾತ್ರೆ ಬರೆದ ದಿನವೇ ಅವರಿಗೆ ಹೇಳಿದ್ದೆ."

"ಹೇಳಿದ್ರಾ? ಅದಕ್ಕೆ ಏನಂದ್ರು?"

"ನಕ್ಕುಬಿಟ್ಟರು. ನನಗೆ ಹಾಲು ಕಾಸಿ ಕೊಡೋರು ಯಾರಿದ್ದಾರೆ ಡಾಕ್ಟ್ರೇ, ಅಂದರು."