ಶ್ರಾವಣದ ಹಿಂದಿನ ದಿನ

“ಪಲ್ಲೆ ಬೇಕೇನ್ರೀ, ರಾಜಗಿರಿ ಪಲ್ಲೆ!”

ಶಾಂತಿಬಾಯಿ ಕೂಗುತ್ತ ಅಂಬೇವಾಡಿಯ ಓಣಿಗೆ ಕಾಲಿಟ್ಟಳು. ಕೂಗು ಮುಗಿಯುವ ಮೊದಲೇ ಬಾಗಿಲುಗಳು ತೆರೆದವು. ವರ್ಷವಿಡೀ ಮೀನು ಮಾರುವವಳು ಇವತ್ತು ಪಲ್ಲೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಮೀನು ಮರಿ ಮಾಡುವ ಕಾಲವೆಂದು ಕಡಲಿನ ಬೋಟುಗಳಿಗೆ ಸರ್ಕಾರ ಜೂನ್ ಒಂದರಿಂದ ಹಾಕಿದ ಎರಡು ತಿಂಗಳ ನಿಷೇಧ ಮುಗಿಯಲು ಇನ್ನೊಂದು ವಾರವಿತ್ತು. ಆದರೆ ಶ್ರಾವಣ ನಾಳೆಯೇ. ಆಮೇಲೆ ಒಂದು ತಿಂಗಳು ಈ ಓಣಿಯಲ್ಲಿ ಮೀನಿನ ಹೆಸರೆತ್ತುವವರಿಲ್ಲ. ಇವತ್ತಿನ ಬುಟ್ಟಿ ಖಾಲಿಯಾದರೆ ಶಾಂತಿಬಾಯಿಯ ಮನೆಯಲ್ಲಿ ಆ ತಿಂಗಳು ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಪೇಪರ್ ಮಿಲ್ಲಿನ ಶೇಖಪ್ಪನ ಹೆಂಡತಿ ಮಾಲವ್ವ ಪರಾತ ಹಿಡಿದು ಮೊದಲು ಬಂದಳು. “ತತ್ತಿ ಇದ್ದದ್ದು ನೋಡಿ ಹಾಕು ಶಾಂತವ್ವ. ಅಳಿಯ ಬಂದಾನ.”

ಶಾಂತಿಬಾಯಿ ಪಲ್ಲೆ ಸರಿಸಿ ಅಡಿಯಲ್ಲಿದ್ದ ಬಂಗಡೆ ಮೀನಿಗೆ ಕೈ ಹಾಕಿದಳು. ಅಷ್ಟರಲ್ಲಿ ಓಣಿಯ ತುದಿಗೆ ಜೀಪು ಬಂದು ನಿಂತಿತು. ಪಲ್ಲೆ ಮತ್ತೆ ಮೀನಿನ ಮೇಲೆ ಬಿತ್ತು. ಪರಾತಗಳು ಸೆರಗಿನೊಳಗೆ ಹೋದವು.

ಮೀನುಗಾರಿಕೆ ಇಲಾಖೆಯ ಮಹಾಬಳೇಶ್ವರ ಇಬ್ಬರು ಕಾವಲಿನವರೊಂದಿಗೆ ನಿಧಾನಕ್ಕೆ ನಡೆದು ಬಂದ. ಕರಾವಳಿಯವನು. “ಎಂತ ಉಂಟು ಬುಟ್ಟಿಯಲ್ಲಿ?”

“ಪಲ್ಲೆ ರೀ.”

“ಪಲ್ಲೆ ಮಾರುವವಳ ಹಿಂದೆ ಬೆಕ್ಕು ಎಂತಕ್ಕೆ ಬರ್ತದೆ?”

ಶಾಂತಿಬಾಯಿ ಹಿಂದೆ ತಿರುಗಿ ನೋಡಿದಳು. ಅರ್ಧ ಓಣಿಯ ಬೆಕ್ಕುಗಳು ಬಾಲ ಎತ್ತಿಕೊಂಡು ಕಾದು ನಿಂತಿದ್ದವು.

“ಅವಕ್ಕೂ ನಾಳಿಂದ ಶ್ರಾವಣ ಅಲ್ರೀ ಸಾಹೇಬ್ರ. ಪಲ್ಲೆ ರೂಢಿ ಮಾಡ್ಕೊಳ್ಳಾಕ ಬಂದಾವು,” ಎಂದಳು ಮಾಲವ್ವ. ಓಣಿ ಕಿಸಕ್ಕನೆ ನಕ್ಕಿತು. ಮಹಾಬಳೇಶ್ವರನಿಗೂ ನಗು ಬಂತು, ನುಂಗಿಕೊಂಡ.

“ನಿನಗೆ ಮೀನು ತಂದುಕೊಡುವ ಜ್ಯೋತಿಬಾನ ಟೆಂಪೋ ಜೋಯಿಡಾದಲ್ಲಿ ಸಿಕ್ಕಿತು. ಕದ್ದು ಕಡಲಿಗಿಳಿದ ಬೋಟಿನ ಮಾಲು ಅಂತ ಅವನೇ ಒಪ್ಪಿದ. ನಿನ್ನ ಹೆಸರೂ ಹೇಳಿದ.” ಅವನು ಪಲ್ಲೆ ಸರಿಸಿ ಒಂದು ಬಂಗಡೆ ಎತ್ತಿ ಹೊಟ್ಟೆ ಒತ್ತಿದ. ಕೇಸರಿ ಬಣ್ಣದ ತತ್ತಿ ಹೊರಗಿಣುಕಿತು. “ನೋಡು. ಇವನ್ನು ಈಗಲೇ ಬಾಚಿ ತಂದ್ರೆ ಮುಂದಿನ ವರ್ಷ ನೀನು ಎಂತ ಮಾರ್ತೀ?”

“ಮುಂದಿನ ವರ್ಷದ್ದು ಮುಂದ ನೋಡೂಣು ರೀ. ನನಗ ಈ ತಿಂಗಳದ್ದ ಚಿಂತಿ.”

“ಇವತ್ತೊಂದಿನ ಬಿಟ್ಟು ಬಿಡ್ರಿ,” ಮಾಲವ್ವನ ದನಿ ಇಳಿಯಿತು. “ನಾಳೆ ನೀವ ತಂದು ಬಾಗಿಲಿಗಿಟ್ರೂ ನಾವು ಮುಟ್ಟಂಗಿಲ್ಲ. ಮೀನಿನ ಗಡಿಗಿ ತೊಳೆದು ಅಟ್ಟಕ್ಕ ಏರಸ್ತೇವಿ.”

“ಯಾರು ನೋಡ್ತಾರೆ, ಏರಿಸದಿದ್ರೆ?”

“ಅಯ್ಯ, ಯಾರ್ ನೋಡಬೇಕ್ರೀ? ಶ್ರಾವಣ ಅಂದ್ರ ಶ್ರಾವಣ.”

ಮಹಾಬಳೇಶ್ವರ ಕೈಸನ್ನೆ ಮಾಡಿದ. ಕಾವಲಿನವರು ಪಲ್ಲೆಯ ಕಟ್ಟುಗಳನ್ನು ಮಾಲವ್ವನ ಕಟ್ಟೆಯ ಮೇಲಿಟ್ಟು ಬುಟ್ಟಿಯನ್ನು ಹೊತ್ತು ನಡೆದರು. ಊರಾಚೆ ಗುಂಡಿ ತೋಡಿ, ಸುಣ್ಣ ಹಾಕಿ ಹೂಳುತ್ತಾರಂತೆ. ಬೆಕ್ಕುಗಳು ಬುಟ್ಟಿಯ ಹಿಂದೆಯೇ ಹೋದವು. ಒಂದೊಂದೇ ಬಾಗಿಲು ಮುಚ್ಚಿತು.

ಶಾಂತಿಬಾಯಿ ತಲೆಯ ಮೇಲಿನ ಸಿಂಬಿ ಬಿಚ್ಚಿ, ಒದ್ದೆ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. ಜೀಪು ಹೊರಡುವಾಗ ಅದರ ಕಿಟಕಿಯ ಹತ್ತಿರ ಬಂದು ನಿಂತಳು. ಬೈಯುತ್ತಾಳೆಂದು ಮಹಾಬಳೇಶ್ವರ ಗಾಜು ಏರಿಸಹೊರಟ.

“ಒಂದ್ ಮಾತು ಕೇಳ್ರಿ ಸಾಹೇಬ್ರ,” ಎಂದಳು ಅವಳು. “ಈ ಜೀಪು, ಕಾವಲು, ಗುಂಡಿ ಎಲ್ಲಾ ಯಾಕ? ನಿಮ್ಮ ಸರ್ಕಾರಕ್ಕ ಹೇಳಿ ಶ್ರಾವಣಾನ ಜೂನಿಗೆ ತರಸ್ರಿ.”