ಇಬ್ಬರಿಗೆ ಒಂದು ಕೊಡೆ

ಗಡಿಯಾರದ ಹಿಂದೆ ಒಂದೇ ಕಾರ್ಡಿತ್ತು.

ನೋರೀನ್ ಅದನ್ನು ಎಳೆದು ನೋಡಿದಳು. ತನ್ನದೇ. ಗಂಡ ಕ್ಲಿಫ್‌ನ ಪಕ್ಷದ ಸದಸ್ಯತ್ವದ ಕಾರ್ಡು ಬೆಳಿಗ್ಗೆ ಧೂಳು ಒರೆಸುವಾಗ ಅಲ್ಲೇ ಇತ್ತು. ಈಗ ಇಲ್ಲ.

"ತರಕಾರಿ ಪಾತಿ ಹತ್ರ ಹೋಗ್ಬರ್ತೀನಿ ಕಣೆ, ಲೀಕ್ ಈರುಳ್ಳಿ ಕೀಳ್ಬೇಕು," ಎಂದು ಅವನು ಆಗತಾನೇ ಹೊರಟಿದ್ದ. ಹೊರಗೆ ಮಳೆ. ಕೆಸರಿನ ಬೂಟು ಬಾಗಿಲ ಬಳಿಯೇ ಇತ್ತು. ಮದುವೆಗೂ ಸಾವಿಗೂ ಹಾಕುವ ಕಪ್ಪು ಷೂ ಇರಲಿಲ್ಲ. ಮನೆಗಿದ್ದ ಒಂದೇ ಕೊಡೆಯನ್ನೂ ಬಿಟ್ಟು ಹೋಗಿದ್ದ. ಅಷ್ಟು ಅವಸರ.

ಮೂರು ವರ್ಷದ ಹಿಂದೆ, ಯೂರೋಪಿನ ಒಕ್ಕೂಟ ಬಿಡಬೇಕೇ ಬೇಡವೇ ಎಂದು ದೇಶವೇ ಮತ ಹಾಕಿದ ದಿನ, ಇಬ್ಬರೂ ಅದೇ ಕೊಡೆಯಡಿ ಮತಗಟ್ಟೆಗೆ ಹೋಗಿದ್ದರು. ತನ್ನ ಮೀನುದೋಣಿಯನ್ನು ಗುಜರಿಗೆ ಹಾಕಿಸಿದ್ದು ಒಕ್ಕೂಟದ ಕಾನೂನೇ ಎಂದು ಕ್ಲಿಫ್‌ನ ಸಿಟ್ಟು. ಅವನು ಬಿಡಬೇಕು ಎಂದು ಹಾಕಿದ, ಅವಳು ಇರಬೇಕು ಎಂದು ಹಾಕಿದಳು. "ಒಬ್ಬರ ಮತ ಇನ್ನೊಬ್ಬರು ಹೊಡೆದುಹಾಕೋಕೆ ಇಬ್ರೂ ನೆನೆದ್ವಲ್ಲೇ, ಮನೇಲೇ ಚಹಾ ಕುಡೀಬಹುದಿತ್ತು," ಎಂದು ವಾಪಸಾಗುವಾಗ ನಕ್ಕಿದ್ದ.

ಗೆದ್ದದ್ದು ಬಿಡುವ ಕಡೆ, ಆದರೂ ದೇಶ ಇನ್ನೂ ಒಕ್ಕೂಟ ಬಿಟ್ಟಿರಲಿಲ್ಲ. ಅವರಿಬ್ಬರೂ ಇದ್ದ ವಿರೋಧ ಪಕ್ಷ ಅಂದಿನಿಂದ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಗೋಡೆ ಮೇಲೆ ಕೂತು ಕೂತು ಇವರ ಕುಂಡೆ ಸವೆದುಹೋಯ್ತು," ಎಂದು ಬಂದರಿನಲ್ಲಿ ಜನ ಆಡಿಕೊಳ್ಳುತ್ತಿದ್ದರು. ಇವತ್ತು, ಶನಿವಾರ, ಕ್ಲಬ್ಬಿನ ಹಾಲ್‌ನಲ್ಲಿ ಊರಿನ ಶಾಖೆಯ ಸಭೆ. ಪಕ್ಷ ಬಾಯಿಬಿಟ್ಟು "ಒಕ್ಕೂಟದಲ್ಲೇ ಇರೋಣ" ಎನ್ನಬೇಕೇ? ಇಲ್ಲಿ ಗೆದ್ದ ಮಾತು ಪಕ್ಷದ ಮಹಾಸಭೆಗೆ ಹೋಗುತ್ತದೆ. ಒಂದೆರಡು ಮತದ ಅಂತರ ಎಂದು ಎಲ್ಲರೂ ಹೇಳುತ್ತಿದ್ದರು.

"ಜೋಡಿ ಕಟ್ಟೋಣ," ಎಂದವನು ಕ್ಲಿಫ್. ಪಾರ್ಲಿಮೆಂಟಿನಲ್ಲಿ ಆಚೆ ಬದಿಯವನೊಬ್ಬ ಈಚೆ ಬದಿಯವನೊಬ್ಬ ಮಾತಾಡಿಕೊಂಡು ಇಬ್ಬರೂ ಮತ ಹಾಕದೆ ಉಳಿಯುವ ಹಾಗೆ. ಇಬ್ಬರೂ ಸಭೆಗೆ ಹೋಗುವುದಿಲ್ಲ ಎಂದು ಪತ್ರವಿಲ್ಲ, ಸಾಕ್ಷಿಯಿಲ್ಲ, ಬರೀ ಮಾತು. ಚಹಾದ ಪಾತ್ರೆಯ ಮೇಲೆ ಕೈ ಚಾಚಿ ಇಬ್ಬರೂ ಕೈಕುಲುಕಿದ್ದರು.

ಅದಾದ ಮೇಲೆ ಭಾನುವಾರದ ಊಟಕ್ಕೆ ಮಗಳ ಸಂಸಾರ ಬಂದಿತ್ತು. ಪೋಲೆಂಡಿನ ಅಳಿಯ ರಾಡೆಕ್ ಮಾಂಸ ಕೊಯ್ಯುತ್ತ, ಒಕ್ಕೂಟ ಬಿಟ್ಟದ್ದೇ ಆದರೆ ನಾವು ನಮ್ಮೂರು ಗ್ಡಾನ್ಸ್ಕ್‌ಗೇ ಹೋಗಿಬಿಡುತ್ತೇವೆ ಎಂದ. ಮೊಮ್ಮಗಳು ಝೋಶಾ ಅಜ್ಜಿಯ ಪಕ್ಕದಲ್ಲೇ ಬಟಾಣಿ ಎಣಿಸುತ್ತಿದ್ದಳು. ಆಮೇಲೆ ತಟ್ಟೆ ತೊಳೆಯುವಾಗ ನೋರೀನ್‌ಳ ಕಣ್ಣೀರು ನೊರೆಗೆ ಬಿತ್ತು. ಪಕ್ಕದಲ್ಲಿ ಕ್ಲಿಫ್ ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸುತ್ತಿದ್ದ.

ಗುರುವಾರ ಅವಳು ಒಳಬಂದಾಗ ಅವನು ಫೋನಿನಲ್ಲಿ ಪಿಸುಗುಡುತ್ತಿದ್ದ. "ಅವಳಿಗೆ ಮಾತ್ರ ಹೇಳ್ಬೇಡ. ಶನಿವಾರ ನಾನೇ ಬರ್ತೀನಿ."

"ಯಾರದು?"

"ಬೀಜದವ್ನು," ಎಂದಿದ್ದ. ಕಿವಿ ಕೆಂಪಾಗಿತ್ತು.

ನೋರೀನ್ ಕಾರ್ಡನ್ನು ಚೀಲಕ್ಕೆ ಹಾಕಿದಳು. ತಲೆಗೆ ಸ್ಕಾರ್ಫ್ ಬಿಗಿದು, ಕೊಡೆ ಎತ್ತಿಕೊಂಡು ಹೊರಟಳು.

ಮುಂದೆ ದೂರದಲ್ಲಿ ಕಾಣುತ್ತಿದ್ದ ಅವನು ಪಾತಿಯ ದಾರಿ ಹಿಡಿಯಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ನೆನೆಯುತ್ತ ನಡೆದು ಕ್ಲಬ್ಬಿನ ಪಕ್ಕದ ಬಾಗಿಲಿನಿಂದ ಒಳಗೆ ಹೋದ. ಆಫೀಸಿನ ಕಿಟಕಿಯಲ್ಲಿ ಶಾಖೆಯ ಕಾರ್ಯದರ್ಶಿ ಬೆರಿಲ್ ಕಾಣಿಸಿದಳು. ಕ್ಲಿಫ್ ಜೇಬಿನಿಂದ ಕಾರ್ಡು ತೆಗೆದು ಅವಳ ಮುಂದಿಟ್ಟ. ಬೆರಿಲ್ ಅವನ ಕೈ ಹಿಡಿದುಕೊಂಡಳು. ಅವನು ಆಚೆ ಸರಿದೊಡನೆ ಫೋನ್ ಎತ್ತಿದಳು, ಕಾದಳು, ಇಟ್ಟಳು, ಮತ್ತೆ ಎತ್ತಿದಳು.

ಇನ್ನೂ ಯಾರ್ಯಾರನ್ನು ಕರೆಸುತ್ತಿದ್ದಾರೋ! ನಲವತ್ತೇಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನು. ನೋರೀನ್ ಮುಂಬಾಗಿಲಿನಿಂದ ಒಳಗೆ ಹೋದಳು.

ಬೆರಿಲ್ ಓಡಿಬಂದು ತೋಳು ಹಿಡಿದಳು. "ಬಂದ್ಯಾ ಸದ್ಯ! ಬರ್ತೀಯೋ ಇಲ್ವೋ ಅಂತ ಹೆದರಿದ್ದೆ."

"ಹೆದರಿರ್ತೀಯ, ಯಾಕಿಲ್ಲ," ಎಂದಳು ನೋರೀನ್.

ಬೆರಿಲ್ ಕಣ್ಣು ಕಿರಿದು ಮಾಡಿದಳು. ಅಷ್ಟರಲ್ಲಿ ಅಧ್ಯಕ್ಷರು ಮೇಜು ಕುಟ್ಟಿದರು.

ಮೊದಲು 'ಇರೋಣ' ಎನ್ನುವವರ ಕಾರ್ಡು ಹಿಡಿದ ಕೈಗಳು ಎದ್ದವು. ನೋರೀನ್ ಕಣ್ಣು ಮುಚ್ಚಿಕೊಂಡು ತನ್ನ ಕೈ ಎತ್ತಿದಳು. ಆಮೇಲೆ ಎದುರು ಬದಿಯ ಕೈಗಳು. ಅವುಗಳಲ್ಲಿ ಕ್ಲಿಫ್‌ನ ಕೈ ಹುಡುಕಿದಳು, ಕಾಣಲಿಲ್ಲ. ಕಂಬದ ಹಿಂದೆ ಅಡಗಿ ಕೂತಿರಬೇಕು, ಹೇಡಿ.

ಎರಡು ಸಲ ಎಣಿಸಿದರು. 'ಇರೋಣ' ಎಂಬ ಮಾತು ಒಂದೇ ಮತದಿಂದ ಗೆದ್ದಿತು.

"ಅಂತೂ ಗೋಡೆಯಿಂದ ಒಂದು ಕಾಲು ಇಳೀತು," ಎಂದು ಹಿಂದೆ ಯಾರೋ ಕೂಗಿದರು. ನಗು, ಗೊಣಗಾಟ, ಕುರ್ಚಿಗಳ ಸದ್ದು. ನೋರೀನ್ ಕಂಬದ ಹಿಂದೆ ಹೋಗಿ ನೋಡಿದಳು. ಮಡಚಿದ ಕುರ್ಚಿಗಳಷ್ಟೇ ಇದ್ದವು.

ಕ್ಲಿಫ್ ಎದುರಿನ ಕರಿದ ಮೀನಿನಂಗಡಿಯ ಸೂರಿನಡಿ ನಿಂತಿದ್ದ. ತೊಪ್ಪೆಯಾಗಿದ್ದ. ಕೈಯಲ್ಲಿ ಬಿಸಿ ಚಿಪ್ಸ್ ಪೊಟ್ಟಣ.

"ಏನಾಯ್ತೇ?"

"ಒಂದು ಮತದಲ್ಲಿ ಗೆದ್ವಿ. ನೀನೆಲ್ಲಿ ಕೂತಿದ್ದೆ?" ಅವಳ ದನಿ ಕಾದಿತ್ತು.

"ನಾನ್ಯಾಕೆ ಒಳಗೆ ಬರ್ಲಿ ಮಾರಾಯ್ತಿ? ಕಾರ್ಡು ವಾಪಸ್ ಕೊಟ್ಟು ಪಕ್ಷ ಬಿಟ್ಟೆ. ಬಿಡಬೇಕು ಬಿಡಬೇಕು ಅಂತ ಬಾಯಿ ಬಡ್ಕೋತಿದ್ದೋನು ನಾನೇ ತಾನೆ." ಅವನು ಅವಳಿಗೆ ಚಿಪ್ಸ್ ಚಾಚಿದ. "ಸದಸ್ಯನೇ ಅಲ್ದೋನ ಜೊತೆ ಎಂಥ ಜೋಡಿ? ಮೊದ್ಲೇ ಹೇಳಿದ್ರೆ ನೀನು ಬಿಡೋಕೆ ಬಿಡ್ತಿರ್ಲಿಲ್ಲ. ಅದಕ್ಕೇ ಬೆರಿಲ್‌ಗೆ ಹೇಳ್ದೆ, ಮನೆಗೆ ಅವಳಿಗೆ ಫೋನ್ ಮಾಡು, ಇನ್ನು ಬರಬಹುದು ಅನ್ನು, ಇಲ್ದಿದ್ರೆ ನನ್ನ ಹೆಂಡ್ತಿ ಕೊಟ್ಟ ಮಾತಿಗೆ ಕಟ್ಟುಬಿದ್ದು ಮನೇಲೇ ಕೂತಿರ್ತಾಳೆ ಅಂತ. ನಿಂಗಿರ್ಲಿ ಅಂತಾನೇ ಕೊಡೆ ಬಿಟ್ಟು ಬಂದಿದ್ದೆ." ಅವನು ಒದ್ದೆ ಮುಖ ಒರೆಸಿಕೊಂಡು ಅವಳ ಪಕ್ಕಕ್ಕೆ, ಕೊಡೆಯಡಿಗೆ ಸರಿದ. "ಫೋನು ಬಂತು ತಾನೆ?"

"ಬಂತು," ಎಂದಳು ನೋರೀನ್.