ಹಿಂದಿನ ಸೀಟಿನ ಭಾರ

ಮರದ ತುಂಡು ಜಾರಬಹುದಿತ್ತು, ಬೋಲ್ಟು ಮುರಿಯಬಹುದಿತ್ತು, ನಾನು ಸೀನಿದ ರಭಸಕ್ಕೇ ಕಾರು ಕುಸಿದು ಕೆಳಗಿದ್ದ ಅಪ್ಪ ಸಾಯಬಹುದಿತ್ತು. ಇವತ್ತಿಗೂ ಗ್ಯಾರೇಜಿನಲ್ಲಿ ತಗಡಿಗೆ ಮೆತ್ತುವ ಪುಟ್ಟಿಯ ವಾಸನೆ ಬಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ.

ನಾನು ಚಿಕ್ಕವಳಿದ್ದಾಗ, ದಾಂಡೇಲಿಯ ನಮ್ಮ ಮಿಲ್ ಕ್ವಾರ್ಟರ್ಸಿನ ಅಂಗಳದಲ್ಲಿ ಅಪ್ಪ ಹಳೇ ಅಂಬಾಸಡರ್ ಕಾರಿನ ಗಾಲಿ ಬಿಚ್ಚಿ, ಸಾಗವಾನಿ ಮರದ ತುಂಡುಗಳ ಮೇಲೆ ನಿಲ್ಲಿಸಿದ್ದ. ತುಕ್ಕು ಕೆರೆದ ಬಾಗಿಲಿಗೆ ಪುಟ್ಟಿ ಮೆತ್ತಿಯಾಗಿತ್ತು. ಇನ್ನು ಕಾರಿನ ಅಡಿಯ ಸ್ಪ್ರಿಂಗ್ ಪಟ್ಟಿ ಕೂಡಿಸಬೇಕಿತ್ತು. ಅದರ ಬೋಲ್ಟಿನ ತೂತು ಸರಿಹೊಂದಲು ಮೇಲೆ ಭಾರ ಬೇಕೆಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ.

"ನಾ ಹೇಳೂತನಕ ಅಲ್ಲಾಡಬ್ಯಾಡ ನೋಡವಾ. ಅಲ್ಲಾಡಿದ್ರ ನಿಮ್ಮಪ್ಪ ರೊಟ್ಟಿ ಆಗ್ತಾನ," ಎಂದು ನಗುತ್ತ ಹಿಂಬದಿಯಿಂದ ಕಾರಿನ ಕೆಳಗೆ ತೂರಿದ.

ನಾನು ನಗಲಿಲ್ಲ. ಬಿಸಿ ರೆಕ್ಸಿನ್ ತೊಡೆಗೆ ಅಂಟಿತು. ಮಿಲ್ಲಿನ ಸೈರನ್ ಕೂಗಿ ನಿಂತಾಗ ಕೆಳಗೆ ಬೋಲ್ಟು ತಿರುಗಿಸುವ ಪಾನಾದ ಸದ್ದೂ ನಿಂತಿತ್ತು. ಆಮೇಲೆ ಎಷ್ಟೋ ಹೊತ್ತು, ಉಚ್ಚೆ ಒತ್ತಿ ಬಂದರೂ ಕದಲಲಿಲ್ಲ, ಕತ್ತೂ ತಿರುಗಿಸಲಿಲ್ಲ, ಕಣ್ಣೀರೂ ಒರೆಸಿಕೊಳ್ಳಲಿಲ್ಲ.

"ಅಪ್ಪಾ, ಇಳೀಲೇನು? ಜೀವಂತ ಅದೀಯೋ ಇಲ್ಲೋ?"

ಒಣಗಿದ ಬಟ್ಟೆ ತೆಗೆಯಲು ಬಂದ ಅಜ್ಜಿ ಕಾರಿನ ಕಿಟಕಿಯಲ್ಲಿ ಇಣುಕಿದಳು. "ಯಾರ ಜೋಡಿ ಮಾತಾಡಾಕತ್ತೀಯೇ, ಹುಚ್ಚಿ? ಸೈರನ್ ಆದಕೂಡ್ಲೇ ನಿಮ್ಮಪ್ಪ ಸೈಕಲ್ ಹತ್ತಿ ಡ್ಯೂಟಿಗೆ ಹೋದ. ತಾಸ ಆತು."

ಅವಸರದಲ್ಲಿ ಅಪ್ಪ ನನಗೆ ಇಳಿ ಎಂದು ಹೇಳುವುದೊಂದನ್ನು ಮರೆತಿದ್ದ.